ಸುಳ್ಳು ಕಾಮಾಲೆ

ನನಗೆ ಕಾಮಾಲೆ ಎಂದು ಇಟ್ಟಮಡುವಿನ ನಮ್ಮ ಬೀದಿಗೆಲ್ಲ ಹೇಳಿದವರು ನಮ್ಮನೆಯವರು. ಮೂವತ್ತೆರಡು ವರ್ಷ ಸರ್ಕಾರಿ ಕಚೇರಿಯಲ್ಲಿ ದುಡಿದ ಪರಮಶಿವಯ್ಯನವರಿಗೆ, ಸುಳ್ಳನ್ನೂ ಫೈಲಿನ ಹಾಗೆ ಕಟ್ಟಿಡಬಹುದು ಎಂಬ ಭ್ರಮೆ. ನಿಜವಾಗಿ ನನಗೆ ಬಂದಿದ್ದು ಲಿಂಫೋಮಾ ಎಂಬ ಕ್ಯಾನ್ಸರ್. ಕತ್ತಿನಲ್ಲಿ ನೆಲ್ಲಿಕಾಯಿ ಗಾತ್ರದ ಗಂಟು, ಇಪ್ಪತ್ತೊಂದು ದಿನಕ್ಕೊಮ್ಮೆ ಕೀಮೋ, ಒಟ್ಟು ಆರು.

"ಸಿರಿಗೆ ಗಂಡು ನೋಡ್ತಿದೀವಿ. ಕ್ಯಾನ್ಸರ್ ಅಂದ್ರೆ ನಮ್ಮನೆ ಮೆಟ್ಲು ಯಾರು ಹತ್ತುತಾರೆ?" ಎಂದರು.

"ಹೆದರಿ ಓಡೋರು ಈಗ್ಲೇ ಓಡ್ಲಿ ಬಿಡಪ್ಪ," ಎಂದಳು ಮಗಳು. ಅವಳ ಮಾತು ಯಾರು ಕೇಳಬೇಕು?

ಕ್ಯಾನ್ಸರ್ ಅಂದಿದ್ದರೆ ಜನ ದೂರದಲ್ಲಾದರೂ ನಿಲ್ಲುತ್ತಿದ್ದರೋ ಏನೋ. ಕಾಮಾಲೆಗೆ ಮಾತ್ರ ನಮ್ಮಲ್ಲಿ ಮನೆಗೊಬ್ಬ ವೈದ್ಯ. ಒಬ್ಬರು ನೆಲನೆಲ್ಲಿ ಸೊಪ್ಪಿನ ಹಸಿ ರಸ ತಂದರು, ಇನ್ನೊಬ್ಬರು ಹುಳಿಮಾವಿನವರೆಗೂ ಬಸ್ಸಿನಲ್ಲಿ ಹೋಗಿ ಯಾವುದೋ ಬೇರು ತಂದರು. ಸೊಪ್ಪು ಮಾರುವ ಬೈರಮ್ಮ ದಿನಾ ಗಾಡಿ ನಿಲ್ಲಿಸಿ, "ಎಣ್ಣೆ ಮುಟ್ಬೇಡಿ ಅಕ್ಕ, ಖಾರ ಮುಟ್ಬೇಡಿ," ಎಂದು ಪಾಠ ಹೇಳಿ ಹೋಗುತ್ತಿದ್ದಳು. ನನ್ನ ನಾಲಿಗೆಗೋ ಅನ್ನವೂ ಒಂದೇ, ಸುಣ್ಣವೂ ಒಂದೇ. ಮೂಗಿಗೆ ಹೊಡೆಯುವಂಥ ಬೆಳ್ಳುಳ್ಳಿ ಮೆಣಸಿನಕಾಯಿ ಒಗ್ಗರಣೆ ಬಿದ್ದರೆ ಮಾತ್ರ ಎರಡು ತುತ್ತು ಇಳಿಯುತ್ತಿತ್ತು. ಅದು ಚಟಪಟ ಎನ್ನುವಷ್ಟರಲ್ಲಿ ಎದುರು ಮನೆಯ ಅಲಮೇಲಮ್ಮನ ಕೂಗು ಬರುತ್ತಿತ್ತು: "ಮಂಗಳಾ! ಕಾಮಾಲೇಲಿ ಒಗ್ಗರಣೆನಾ? ಪ್ರಾಣ ಬೇಡ್ವಾ?" ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಕಲಿಸಿ ಹುಡುಗರನ್ನು ನಡುಗಿಸಿದ ನಾನು, ನನ್ನ ಮನೆಯಲ್ಲೇ ಕಿಟಕಿ ಮುಚ್ಚಿ ಕಳ್ಳಿಯ ಹಾಗೆ ಒಗ್ಗರಣೆ ಹಾಕುವಂತಾಯಿತು.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ "ಮಾತಾಡಿಸ್ಕೊಂಡು ಹೋಗೋಣ ಅಂತ" ಬಂದವರು ಬ್ರೆಡ್ಡಿನ ಜೊತೆ ನೆಗಡಿಯನ್ನೂ ತರುತ್ತಿದ್ದರು. ನಮ್ಮ ಮನೆಗೆ ಬಂದವರು ಕಾಫಿ ಕುಡಿಯದೆ ಹೋಗುವಂತಿಲ್ಲ; ಕಾಫಿ ಬರುವವರೆಗೆ ಪಕ್ಕದಲ್ಲೇ ಕೂತು ಕೆಮ್ಮುತ್ತಿದ್ದರು. ನಾಲ್ಕನೇ ಕೀಮೋ ಆದ ಮೇಲೆ ಜ್ವರ ನೂರೊಂದು ದಾಟಿ ಆರು ದಿನ ಆಸ್ಪತ್ರೆ ಸೇರಿದೆ. ಐದನೇದು ಹನ್ನೆರಡು ದಿನ ಮುಂದಕ್ಕೆ ಹೋಯಿತು.

"ಗಂಟು ಕರಗಿದೆ ಮೇಡಂ, ಈಗ ಬಿಡಬಾರ್ದು," ಎಂದರು ಡಾಕ್ಟರು. "ಆರನೇದು ತಡ ಆಗೋದು ಬೇಡ. ಬಿಳಿ ರಕ್ತಕಣದ ಕೌಂಟ್ ಕಮ್ಮಿ ಇರೋ ದಿನ ಯಾರನ್ನೂ ಹತ್ರ ಬಿಟ್ಕೋಬೇಡಿ. ಹಸಿ ರಸ ಗಿಸ ಏನೂ ಕುಡೀಬೇಡಿ."

ಆರನೇದು ಹೇಳಿದ ದಿನಕ್ಕೇ ಆಗಬೇಕು. ನನಗೆ ಬೇರೇನೂ ಬೇಕಿರಲಿಲ್ಲ.

ಐದನೇ ಕೀಮೋ ಆಗಿ ಒಂಬತ್ತನೇ ದಿನ ಗೇಟು ಸದ್ದಾಯಿತು. ಕಿಟಕಿಯಿಂದ ನೋಡಿದರೆ ಅಲಮೇಲಮ್ಮ, ಕೈಯಲ್ಲಿ ಹಸಿರು ರಸದ ಲೋಟ. ಹಿಂದೆ ಕೊನೆಮನೆಯ ಕೊಟ್ರಪ್ಪ, ಮೂಗಿಗೆ ಕರವಸ್ತ್ರ. ನಮ್ಮನೆಯವರು ಬಾಯಲ್ಲಿ "ಮಲಗಿದಾಳೆ" ಎನ್ನುತ್ತಿದ್ದರು, ಕೈ ಮಾತ್ರ ಗೇಟಿನ ಚಿಲಕ ತೆಗೆಯುತ್ತಿತ್ತು. "ಬನ್ನಿ ಬನ್ನಿ, ಕಾಫಿ ಕುಡ್ಕೊಂಡು ಹೋಗಿ," ಎಂದೂ ಅಂದುಬಿಟ್ಟರು.

ಕಾಲಲ್ಲಿ ಶಕ್ತಿ ಇರಲಿಲ್ಲ, ಸಿಟ್ಟಿಗೇನೂ ಬರವಿರಲಿಲ್ಲ. ಜಗಲಿಗೆ ಬಂದು ತಲೆಯ ಸ್ಕಾರ್ಫ್ ಕಿತ್ತೆ. ತಲೆಯಲ್ಲಿ ಒಂದೂ ಕೂದಲಿಲ್ಲ. ಹಣೆ ಎಲ್ಲಿ ಮುಗಿಯುತ್ತದೆಂದು ತಿಳಿಯದೆ ಬೆಳಿಗ್ಗೆ ಬಳಿದುಕೊಂಡ ವಿಭೂತಿ ನೆತ್ತಿಯವರೆಗೂ ಹೋಗಿತ್ತು.

"ಅಲ್ಲೇ ನಿಂತ್ಕೊಳ್ಳಿ! ನಂಗೆ ಕಾಮಾಲೆ ಅಲ್ಲ, ಕ್ಯಾನ್ಸರ್. ಐದು ಕೀಮೋ ಆಗಿದೆ, ಆರನೇದು ಟೈಮಿಗೆ ಆಗ್ಬೇಕು. ಕೊಟ್ರಪ್ಪನವ್ರೇ, ನೀವು ಒಂದ್ಸಲ ಸೀನಿದ್ರೆ ನಾನು ಆಸ್ಪತ್ರೇಲಿ ಇರ್ತೀನಿ!"

ಕೊಟ್ರಪ್ಪ ನಾಲ್ಕು ಹೆಜ್ಜೆ ಹಿಂದೆ ಸರಿದರು. ನಮ್ಮನೆಯವರು ನೆಲ ನೋಡಿದರು. ಅಲಮೇಲಮ್ಮ ಮಾತ್ರ ಅಲುಗಲಿಲ್ಲ.

"ಕೀಮೋ ಆಗಿ ಎಷ್ಟನೇ ದಿನ?" ಎಂದು ಕೇಳಿದರು.

ಆ ದಾರಿ ನಡೆಯದವರು ಕೇಳುವ ಪ್ರಶ್ನೆಯಲ್ಲ ಅದು. "ಒಂಬತ್ತು," ಎಂದೆ.

"ಕೌಂಟ್ ಬಿದ್ದಿರೋ ದಿನ. ಒಳಗೆ ಹೋಗು." ಲೋಟದ ರಸವನ್ನು ಕಾಂಪೌಂಡಿನ ನಂದಿಬಟ್ಟಲು ಗಿಡದ ಬುಡಕ್ಕೆ ಸುರಿದರು. "ಹನ್ನೊಂದು ವರ್ಷದ ಹಿಂದೆ ನಂಗೆ ಹರ್ನಿಯಾ ಆಪರೇಷನ್ ಅಂತ ಹೇಳಿದ್ವಲ್ಲ? ಹರ್ನಿಯಾ ಅಲ್ಲ, ಎದೆ ಕ್ಯಾನ್ಸರು. ನಿನ್ ಹಾಗೆ ಕಿರುಚೋ ಧೈರ್ಯ ಬರ್ಲಿಲ್ಲ ಕಣೆ. ಬಚ್ಚಲಲ್ಲಿ ನಲ್ಲಿ ತಿರುಗಿಸಿ ಅಳ್ತಿದ್ದೆ."

ಎದುರು ಮನೆಯಲ್ಲಿದ್ದೂ ನನಗೆ ಗೊತ್ತಾಗಿರಲಿಲ್ಲ. ಅವರನ್ನು ಅಪ್ಪಿಕೊಳ್ಳಬೇಕೆನಿಸಿತು. ಅಪ್ಪಿಕೊಳ್ಳುವಂತಿರಲಿಲ್ಲ, ನಿಂತಲ್ಲೇ ಅತ್ತೆ.

ಅಂದಿನಿಂದ ಗೇಟು ಅಲಮೇಲಮ್ಮನ ವಶವಾಯಿತು. ನೋಡಲು ಬಂದವರು ಬೀದಿಯಲ್ಲೇ ನಿಂತು ಕೂಗಿ ಮಾತಾಡಿಸಬೇಕು. ಕೆಮ್ಮುವವರು ಆಚೆ ತಿರುವಿನಲ್ಲಿ. ನಮ್ಮನೆಯವರಿಗೆ ಕಾಫಿ ಕೊಡದೆ ಕಳಿಸಿ ಅಭ್ಯಾಸವಿಲ್ಲವಲ್ಲ, ಗೇಟಿನ ಮೇಲಿಂದ ಲೋಟ ದಾಟಿಸತೊಡಗಿದರು. ಬೈರಮ್ಮ ಸೊಪ್ಪು ಕೊಡುವಾಗ, "ಚೆನ್ನಾಗಿ ಬೇಯಿಸಿ ಅಕ್ಕ," ಎಂದು ಹೊಸ ಪಾಠ ಶುರು ಮಾಡಿದಳು. ಆರನೇದಕ್ಕೆ ಉಳಿದಿದ್ದ ಹನ್ನೆರಡು ದಿನವೂ ಜ್ವರದ ಕಡ್ಡಿ ತೊಂಬತ್ತೆಂಟು ದಾಟಲಿಲ್ಲ.

ಆರನೇದು ಹೇಳಿದ ಸೋಮವಾರವೇ ಆಯಿತು. ಕೊನೆಯ ಹನಿ ಇಳಿಯುವವರೆಗೂ ನಾನು ಬಾಟಲಿಯಿಂದ ಕಣ್ಣು ಕೀಳಲಿಲ್ಲ.

ಸಂಜೆ ಆಟೋ ಇಳಿದಾಗ ಬೀದಿಯವರೆಲ್ಲ ದೂರದೂರ ನಿಂತಿದ್ದರು. ಅಷ್ಟರಲ್ಲಿ ನಮ್ಮನೆಯವರ ಫೋನು. ಚಿತ್ರದುರ್ಗದಿಂದ ಅವರ ಅಕ್ಕ. ಸಿರಿಗೆ ಸಂಬಂಧ ತಂದಿದ್ದವರು, ಕಿವಿ ಸ್ವಲ್ಪ ಮಂದ. "ಕಾಮಾಲೆ ಇಳೀತೇನಪ್ಪಾ?" ಎಂಬುದು ನನಗೂ ಕೇಳಿಸಿತು.

ನಮ್ಮನೆಯವರು ನನ್ನನ್ನೊಮ್ಮೆ ನೋಡಿ ಗಂಟಲು ಸರಿಮಾಡಿಕೊಂಡರು.

"ಕಾಮಾಲೆ ಅಲ್ಲಕ್ಕ! ಕ್ಯಾನ್ಸರ್! ಕ್ಯಾನ್ಸರ್ ಅಂದೆ! ಆರೂ ಕೀಮೋ ಮುಗಿಸ್ಕೊಂಡು ನಡ್ಕೊಂಡು ಬಂದಿದಾಳೆ ನನ್ನ ಹೆಂಡ್ತಿ! ಗಂಡಿನ ಕಡೆಯವ್ರಿಗೂ ಹೇಳು!"

ಸಿರಿ ಬೆರಳಿಟ್ಟು ಸೀಟಿ ಹೊಡೆದಳು. ಬೀದಿಯೆಲ್ಲ ಚಪ್ಪಾಳೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ಆ ಮನುಷ್ಯನ ಮೇಲೆ ನನಗೆ ಅಷ್ಟು ಹೆಮ್ಮೆ ಎಂದೂ ಆಗಿರಲಿಲ್ಲ.

ಸ್ಕ್ಯಾನ್ ಇನ್ನೂ ಆರು ವಾರಕ್ಕೆ. ಅದು ಆಮೇಲಿನ ಮಾತು. ಕೈಕಾಲು ತೊಳೆದು ಅಡುಗೆಮನೆಯ ಕಿಟಕಿಗಳನ್ನೆಲ್ಲ ತೆರೆದೆ, ಸ್ಟೂಲಿನ ಮೇಲೆ ಕೂತು ಎಣ್ಣೆ ಕಾಯಿಸಿ ಬೆಳ್ಳುಳ್ಳಿ ಹಾಕಿದೆ. ಘಾಟು ಬೀದಿ ದಾಟಿತು.

"ಮಂಗಳಾ!" ಎಂದು ಕೂಗಿದರು ಅಲಮೇಲಮ್ಮ. "ಇನ್ನೆರಡು ಮೆಣಸಿನಕಾಯಿ ಹಾಕೇ!"

ನಾನು ಮೂರು ಹಾಕಿದೆ.