ಅತ್ತೆಯ ಬಾಜುವಿನ ಜಾಗ

ಖಾನಾಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಗುರುಪುತ್ರಪ್ಪನ ಭಾಂಡೆ ಅಂಗಡಿ ಇತ್ತು. ತಾಮ್ರದ ಕೊಡ, ಹಿತ್ತಾಳೆಯ ತಂಬಿಗೆ, ಈಚೆಗೆ ಬಂದ ಸ್ಟೀಲಿನ ಡಬ್ಬಿ ಎಲ್ಲವೂ ಅಲ್ಲಿ ಸಿಗುತ್ತಿದ್ದವು. ಯಾರಾದರೂ ಕೊಡ ಕೊಳ್ಳಲು ಬಂದರೆ ಅವನು ಮೊದಲು ಹೇಳುವ ಮಾತು ಒಂದೇ: "ಬಾರಿಸಿ ನೋಡ್ರಿ. ಬಿರುಕು ಇದ್ರ ಕೊಡಾನ ಹೇಳತೈತಿ." ಹಾಗೆ ಬಾರಿಸಿ ನೋಡದೆ ಅವನು ಜೀವನದಲ್ಲಿ ಯಾವ ವಸ್ತುವನ್ನೂ ಕೊಂಡವನಲ್ಲ, ಒಂದನ್ನು ಬಿಟ್ಟು.

ಮನೆ ಇದ್ದದ್ದು ನಂದಗಡದಲ್ಲಿ. ಮಧ್ಯಾಹ್ನದ ಬಸ್ಸಿಗೆ ಹೆಂಡತಿ ಕಾಶವ್ವ ಬುತ್ತಿ ತರುತ್ತಿದ್ದಳು. ಅವನು ಒಳಗೆ ಕೂತು ರೊಟ್ಟಿ ಮುರಿಯುವಷ್ಟು ಹೊತ್ತು ಅವಳು ರೊಕ್ಕದ ಗಲ್ಲೆಯ ಮೇಲೆ ಕೂತಿರುತ್ತಿದ್ದಳು. ಮರಾಠಿಯವರೊಡನೆ ಮರಾಠಿ, ಕನ್ನಡದವರೊಡನೆ ಕನ್ನಡ. ಮದುವೆಯ ಭಾಂಡೆ ಕೊಳ್ಳುವ ಹೆಂಗಸರು ಅವಳು ಬರುವ ಹೊತ್ತನ್ನೇ ಕಾಯುತ್ತಿದ್ದರು. ಮುಂಜಾನೆಯಿಂದ ಗಂಡ ಮಾಡದ ವ್ಯಾಪಾರವನ್ನು ಅವಳು ಒಂದು ತಾಸಿನಲ್ಲಿ ಮಾಡಿ, ಖಾಲಿ ಡಬ್ಬಿ ತೆಗೆದುಕೊಂಡು ಊರಿಗೆ ಹೋಗುತ್ತಿದ್ದಳು. ಗುರುಪುತ್ರಪ್ಪ ಅದನ್ನು ವ್ಯಾಪಾರವೆಂದು ಎಣಿಸಿರಲಿಲ್ಲ. ಹೆಂಡತಿ ಬುತ್ತಿ ತರುತ್ತಾಳೆ, ಅಷ್ಟೇ ಅವನಿಗೆ ಗೊತ್ತು.

ಎಂಬತ್ತೈದರ ದೀಪಾವಳಿ ಮುಗಿದ ಮೇಲೆ ಬೆಳಗಾವಿಯಿಂದ ಒಂದು ಯಾತ್ರಾ ಬಸ್ಸು ಹೊರಡುವುದಿತ್ತು. ಆಗ್ರಾ, ದಿಲ್ಲಿ, ಹರಿದ್ವಾರ, ಇಪ್ಪತ್ತೆರಡು ದಿನ. ಕೂಡಲಸಂಗಮದ ಆಚೆ ಹೆಜ್ಜೆ ಇಡದ ಕಾಶವ್ವ ಹೆಸರು ಕೊಟ್ಟ ದಿನದಿಂದಲೇ ಶಾಲು ಮಡಚಿ ಇಟ್ಟಿದ್ದಳು. ಹಣ ತುಂಬಲು ಗಂಡ ಹೆಂಡಿರು ಬೆಳಗಾವಿಯ ಖಡೇಬಜಾರಿಗೆ ಹೋದರು. ಯಾತ್ರೆಯ ಕಚೇರಿಯ ಒಂದು ಮೂಲೆಯಲ್ಲಿ ನಾಗಲಿಂಗನೆಂಬ ವಿಮೆ ಏಜೆಂಟನ ಮೇಜಿತ್ತು. ಕುರಿ ಕಾಯುವ ಮನೆತನದಿಂದ ಬಂದು, ಕಾಲೇಜು ಕಲಿತು, ಹೆಂಡತಿ ಮಕ್ಕಳೊಂದಿಗೆ ಶಿವಬಸವ ನಗರದಲ್ಲಿ ನೆಲೆಸಿದವನು. ಸುಮ್ಮನೆ ಮಾತಾಡುವ ಚಾಳಿ ಅವನಿಗಿರಲಿಲ್ಲ.

"ಕುಂದರ್ರಿ ಯಜಮಾನ್ರ. ಪ್ರವಾಸದ ವಿಮಾ ಎರಡ ನಮೂನಿ ಅದಾವ," ಎಂದು ಅವನು ಎರಡು ಹಾಳೆ ಮುಂದಿಟ್ಟ. "ಸಣ್ಣದು ಹನ್ನೊಂದ ರೂಪಾಯಿ. ಬಸ್ ಬಿದ್ರ, ಕೈಕಾಲ ಮುರದ್ರ ಅಷ್ಟ. ದೊಡ್ಡದು ನಲವತ್ತಾರು. ಜಡ್ಡ ಜಾಪತ್ರಿ ಬಂದ್ರೂ ದೊಡ್ಡ ದವಾಖಾನಿಗೆ ಸೇರಸ್ತಾರ. ದೇವರು ಹಂಗ ಮಾಡೂದು ಬ್ಯಾಡ, ಹೆಚ್ಚುಕಡಿಮಿ ಆದ್ರ ಊರ ತನಕ ತಂದು ಮುಟ್ಟಸ್ತಾರ."

"ನನಗ ದೊಡ್ಡದ ಬರಿ," ಎಂದ ಗುರುಪುತ್ರಪ್ಪ. "ಇಕಿಗೆ ಸಣ್ಣದು ಸಾಕು."

ನಾಗಲಿಂಗ ಪೆನ್ನು ಎತ್ತಿದವನು ಹಾಗೇ ನಿಂತ. "ವಯಸ್ಸಾದವರಿಗೆ ಬಸ್ಸಿಗಿಂತ ಥಂಡೀನ ಹೆಚ್ಚ ಕಾಡತೈತ್ರಿ. ಅವ್ವಾರಿಗೂ ದೊಡ್ಡದ ಮಾಡಿಸಿದ್ರ ಚಲೋ."

"ದುಡಿಯಾಂವ ನಾನೋ ಆಕಿಯೋ? ನನಗೇನರ ಆದ್ರ ಅಂಗಡಿ ಮುಳಗತೈತಿ. ಆಕಿಗೇನ ಗಳಿಕಿ ಐತಿ? ಉದ್ಯೋಗ ಅಂತ ಐತೆಲ್ಲ, ಅಲ್ಲಿ ಏನೂ ಇಲ್ಲ ಅಂತ ಬರಿ."

ನಾಗಲಿಂಗ ಬರೆದ. ಗಂಡನ ಹೆಸರೇನೆಂದು ಕಾಶವ್ವನನ್ನೇ ಕೇಳಿದಾಗ ಅವಳು ಸೆರಗು ಬಾಯಿಗಿಟ್ಟು ನಕ್ಕು ಗಂಡನ ಕಡೆ ಕೈ ತೋರಿಸಿದಳು. ಆ ಹೆಸರು ಅವಳ ಬಾಯಲ್ಲಿ ಒಮ್ಮೆಯೂ ಬಂದಿರಲಿಲ್ಲ. ನಗು ಮುಗಿದ ಮೇಲೆ ಮೆಲ್ಲಗೆ ಹೇಳಿದಳು: "ನಂದೂ ದೊಡ್ಡದ ಮಾಡಸ್ರೀ. ಥಂಡ್ಯಾಗ ನನಗ ದಮ್ಮ ಏಳತೈತಿ, ಗೊತ್ತೈತಿ ನಿಮಗ. ಹೊರಗ ಏನರ ಆದ್ರ ಆ ಮಂದಿ ಸುಡತಾರಂತ. ನನ್ನ ಸುಡಬ್ಯಾಡ್ರಿ. ಅತ್ತಿ ಬಾಜೂಕ ಜಾಗಾ ನೋಡಿ ಇಟ್ಟೇನಿ ನಾನು."

ನಂದಗಡದ ಗದ್ದೆಯ ಮೇಲಿನ ಏರಿನಲ್ಲಿ, ಗೇರುಗಿಡದ ಕೆಳಗೆ ಗುರುಪುತ್ರಪ್ಪನ ತಾಯಿಯ ಸಮಾಧಿ ಇತ್ತು. ಲಿಂಗವಂತರ ಪದ್ಧತಿಯಂತೆ ಆ ಮುದುಕಿಯನ್ನು ಕೂರಿಸಿ, ಅಂಗೈಯಲ್ಲಿ ಅವಳ ಲಿಂಗವಿಟ್ಟು ಮಣ್ಣು ಮಾಡಿದ್ದರು. ಅತ್ತೆ ಸೊಸೆ ಮೂವತ್ತು ವರ್ಷ ಹಾವು ಮುಂಗುಸಿಯ ಹಾಗೆ ಬಾಳಿದವರು. ಕಡೆಯ ಎರಡು ವರ್ಷ ಹಾಸಿಗೆ ಹಿಡಿದ ಅತ್ತೆಯ ಮೈ ತೊಳೆದವಳೂ ಈ ಸೊಸೆಯೇ. "ಜಗಳ ಇನ್ನೂ ಮುಗದಿಲ್ಲ, ಅಲ್ಲೇ ಬಾಜೂಕ ಕುಂತು ಮುಗಸ್ತೀವಿ," ಎಂದು ಕಾಶವ್ವ ಓಣಿಯವರನ್ನು ನಗಿಸುತ್ತಿದ್ದಳು. ಆದರೆ ಜಾಗದ ಮಾತು ಮಾತ್ರ ಖರೇ ಆಗಿತ್ತು. ಅಲ್ಲಿ ಕಳೆ ಬೆಳೆಯದಂತೆ ತಾನೇ ಕಿತ್ತು ಇಡುತ್ತಿದ್ದಳು.

"ಹೊಂಡೂಕಿಂತ ಮೊದಲ ಸಾಯೂ ಮಾತ ತಗೀತಿ," ಎಂದು ಗುರುಪುತ್ರಪ್ಪ ಗದರಿದ. "ಬಾಯಿ ಮುಚ್ಚು. ಉಳದ ರೊಕ್ಕದಾಗ ನಿನಗೊಂದ ಚಲೋ ತಂಬಿಗಿ ಬರತೈತಿ."

ತಂಬಿಗೆಯನ್ನು ಅವನು ಖರೇನೇ ಕೊಟ್ಟ.

ಆಗ್ರಾ ಆಯಿತು, ದಿಲ್ಲಿ ಆಯಿತು. ಕಾಶವ್ವ ಕಿಟಕಿಗೆ ಹಣೆ ಹಚ್ಚಿ ಸಣ್ಣ ಮಗುವಿನ ಹಾಗೆ ಹೊರಗೆ ನೋಡುತ್ತಿದ್ದಳು. ಗೋದಿಯ ಹೊಲ ಕಂಡರೆ ಗಂಡನನ್ನು ಎಬ್ಬಿಸಿ ತೋರಿಸುತ್ತಿದ್ದಳು. ಹರಿದ್ವಾರ ತಲುಪಿದ ದಿನ ನಸುಕಿನಲ್ಲಿ ಎಲ್ಲರ ಜೊತೆ ಅವಳೂ ನದಿಯಲ್ಲಿ ಮುಳುಗೆದ್ದಳು. ಸಂಜೆಗೆ ಜ್ವರ ಬಂತು. ಮರುದಿನ ಉಸಿರು ಕಿತ್ತುಕೊಳ್ಳತೊಡಗಿತು. ಧರ್ಮದ ಆಸ್ಪತ್ರೆಯ ಡಾಕ್ಟರು ಎದೆಗೆ ನಳಿಕೆ ಇಟ್ಟು ನೋಡಿ, ಇಲ್ಲಿ ಆಗದು, ಡೆಹರಾಡೂನಿನ ದೊಡ್ಡ ಆಸ್ಪತ್ರೆಗೆ ಈಗಲೇ ಒಯ್ಯಿರಿ ಎಂದರು. ಬಸ್ಸಿನ ಮ್ಯಾನೇಜರ್ ಸಾತಪ್ಪ ವಿಮೆಯ ಕಾಗದ ತೆಗೆಯಲು ಹೇಳಿದ. ಹರಿದ್ವಾರದಲ್ಲಿಯೇ ಆ ಕಂಪನಿಯ ಕಚೇರಿಯಿತ್ತು. ಇಬ್ಬರೂ ಓಡಿದರು.

ಗುರುಪುತ್ರಪ್ಪ ಬಾರಿಸಿ ನೋಡದೆ ಕೊಂಡ ಕಾಶವ್ವನ ಹಾಳೆಯನ್ನು ಕಚೇರಿಯ ಗುಮಾಸ್ತ ಓದಿ ತಲೆ ಅಲ್ಲಾಡಿಸಿದ. ಸಾತಪ್ಪ ತಿಳಿಸಿ ಹೇಳಿದ: "ಇದು ಬಸ್ ಬಿದ್ರ ಅಷ್ಟ ಅಂತ್ರಿ. ಜ್ವರಕ್ಕ ನಡಿಯೂದಿಲ್ಲಂತ."

ಗುರುಪುತ್ರಪ್ಪ ಅಂಗಿಯ ಒಳಕಿಸೆಯಿಂದ ತನ್ನ ದೊಡ್ಡ ವಿಮೆಯ ಹಾಳೆ ತೆಗೆದ. ಮಡಿಕೆ ಸಹ ಮಾಸಿರಲಿಲ್ಲ. ಅದನ್ನು ಮೇಜಿನ ಮೇಲೆ ಹರಡಿ ಕೈ ಮುಗಿದ. "ನಂದು ಆಕಿಗೆ ನಡಸ್ರಿ ಅಂತ ಹೇಳೋ ಸಾತಪ್ಪಾ. ನಾ ಗಟ್ಟಿ ಇದ್ದೇನಿ. ನನಗ ಬ್ಯಾಡ ಇದು."

ಗುಮಾಸ್ತ ಕೆಟ್ಟವನಲ್ಲ. ಎದ್ದು ನಿಂತು, ಹಾಳೆಯನ್ನು ಮೊದಲಿನಂತೆಯೇ ಮಡಚಿ ಅವನ ಕೈಗೆ ಕೊಟ್ಟ. ಹೆಸರು ನಿಮ್ಮದಿದೆ ಎಂದಷ್ಟೇ ಹಿಂದಿಯಲ್ಲಿ ಹೇಳಿದ. ಅಷ್ಟು ಹಿಂದಿ ಗುರುಪುತ್ರಪ್ಪನಿಗೂ ತಿಳಿಯುತ್ತಿತ್ತು.

ಇದ್ದ ರೊಕ್ಕ ಕೂಡಿಸಿ, ಬಸ್ಸಿನವರ ಹತ್ತಿರ ಕೈಗಡ ತಂದು ಮೋಟಾರು ಗೊತ್ತು ಮಾಡುವಷ್ಟರಲ್ಲಿ ಮತ್ತೊಂದು ಬೆಳಗಾಯಿತು. ಮೋಟಾರು ಬಂದಾಗ ಕಾಶವ್ವ ಇರಲಿಲ್ಲ. ಕೊನೆಯ ಗಳಿಗೆಯಲ್ಲಿ ಅವಳು ಗಂಡನ ಅಂಗಿಯ ತುದಿ ಹಿಡಿದು "ಊರಿಗೆ ಹೋಗೂಣ್ರಿ" ಎಂದಿದ್ದಳು. ಅದಕ್ಕೆ ಅವನು "ಹೂಂ" ಎಂದಿದ್ದ.

ಊರು ಸಾವಿರ ಮೈಲಿಯ ಆಚೆ. ಹೆಣ ಒಯ್ಯಲು ಯಾವ ಗಾಡಿಯವನೂ ಒಪ್ಪಲಿಲ್ಲ. ಒಪ್ಪಿದವನು ಕೇಳಿದ ರೊಕ್ಕ ಊರಿನಿಂದ ತಂತಿ ಮನಿಯಾರ್ಡರಿನಲ್ಲಿ ಬರಬೇಕೆಂದರೆ ಮೂರು ದಿನ. ಅಲ್ಲಿಯೇ ಮಣ್ಣು ಮಾಡೋಣವೆಂದರೆ ಜಾಗ ಕೊಡುವವರಿಲ್ಲ, ಸಾಧುಗಳಿಗೆ ಮಾತ್ರ ಎಂದರು. ಬಸ್ಸಿನಲ್ಲಿ ನಲವತ್ತು ಮಂದಿ ಕಾಯುತ್ತಿದ್ದರು. "ಗಂಗಿ ದಂಡಿರಿ ಕಾಕಾ. ಇದಕ್ಕಿಂತ ಪುಣ್ಯ ಬೇಕಾ?" ಎಂದು ಸಾತಪ್ಪ ಭುಜ ಹಿಡಿದ. ಮಧ್ಯಾಹ್ನದ ಹೊತ್ತಿಗೆ ಗುರುಪುತ್ರಪ್ಪ ಒಪ್ಪಿದ. ಅವಳ ಕೊರಳಿನ ಲಿಂಗವನ್ನು ಬಿಚ್ಚಿಕೊಂಡು ತನ್ನ ಕಿಸೆಯಲ್ಲಿಟ್ಟ. ಬೆಂಕಿ ಹತ್ತಿದಾಗ ಅತ್ತ ನೋಡುವ ಧೈರ್ಯ ಅವನಿಗೆ ಬರಲಿಲ್ಲ.

ನಂದಗಡಕ್ಕೆ ಬಂದಾಗ ಅಂಗಳ ತುಂಬ ಜನ. ಮನೆತನದ ಸ್ವಾಮಿಗಳಾದ ಈರಯ್ಯನವರು ಎಲ್ಲರ ಮುಂದೆ ಕೇಳಿದರು: "ಸುಟ್ಯಾ ಗುರುಪುತ್ರಾ? ನಮ್ಮ ಮನಿ ಹೆಣ್ಮಗಳನ್ನ ಸುಟ್ಯಾ?"

ಹನ್ನೊಂದು ರೂಪಾಯಿಯ ಮಾತು ನಾಲಿಗೆಯ ತುದಿಗೆ ಬಂತು. ಮಗ ತಮ್ಮಣ್ಣ, ಸೊಸೆ ಗಂಗಾದೇವಿ ಮುಖ ನೋಡುತ್ತಿದ್ದರು. ಗುರುಪುತ್ರಪ್ಪ ಹೇಳಿದ: "ಆಕೀನ ಬೇಡಿಕೊಂಡ್ಳರಿ. ಗಂಗಿ ಪಾಲಾಗತೀನಿ, ಲಿಂಗಾನೂ ಗಂಗಿಗೇ ಕೊಡ್ರಿ ಅಂದ್ಲು."

ಆ ಒಂದು ಮಾತಿಗೆ ಎಲ್ಲರ ಬಾಯಿ ಕಟ್ಟಿತು. ಸುಳ್ಳಿಗೆ ಕಾಲಿಲ್ಲವೆನ್ನುತ್ತಾರೆ, ಈ ಸುಳ್ಳು ಊರೆಲ್ಲ ನಡೆಯಿತು. ಪುಣ್ಯವಂತಿ ಎಂದು ಹೆಂಗಸರು ಬಂದು ಬಂದು ಹೇಳಿದರು. ಅವರು ಹಾಗೆ ಹೊಗಳಿದಾಗಲೆಲ್ಲ ಗುರುಪುತ್ರಪ್ಪ ಎದ್ದು ಒಳಗೆ ಹೋಗುತ್ತಿದ್ದ. ಲಿಂಗವನ್ನು ಅವನು ಅಂಗಡಿಯ ಮೇಲಿನ ಹಲಗೆಯಲ್ಲಿ, ಯಾರೂ ಕೇಳದ ಹಳೆಯ ಹಿತ್ತಾಳೆ ಡಬ್ಬಿಯೊಳಗೆ ಇಟ್ಟಿದ್ದ. ಗದ್ದೆಯ ಏರಿನ ಜಾಗದಲ್ಲಿ ಕಳೆ ಬೆಳೆಯಿತು. ಅವನು ಆ ಕಡೆ ಹೋಗುವುದನ್ನೇ ಬಿಟ್ಟ.

ಈಗ ಗಂಗಾದೇವಿ ಬುತ್ತಿ ತರುತ್ತಿದ್ದಳು. ಗಲ್ಲೆಯ ಮೇಲೆ ಕೂತು ಅತ್ತೆಯ ಹಾಗೆಯೇ ಎರಡು ಭಾಷೆಯಲ್ಲಿ ವ್ಯಾಪಾರ ಮಾಡುತ್ತಿದ್ದಳು. ರೊಟ್ಟಿ ಮುರಿಯುತ್ತ ಗುರುಪುತ್ರಪ್ಪ ಈಗ ಆ ಮಾತುಗಳನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ. ಎಷ್ಟೋ ದಿನ ಮುರಿದ ರೊಟ್ಟಿಯನ್ನು ಮತ್ತೆ ಡಬ್ಬಿಗೇ ಇಟ್ಟುಬಿಡುತ್ತಿದ್ದ.

ಎಂಬತ್ತೇಳರ ಜನವರಿಯಲ್ಲಿ ಮಗ ಸೊಸೆ ಮೈಸೂರು, ಕನ್ಯಾಕುಮಾರಿ ನೋಡಲು ಹೊರಟರು. ಅದೇ ಖಡೇಬಜಾರ್, ಅದೇ ಕಚೇರಿ. ಗುರುಪುತ್ರಪ್ಪನೂ ಜೊತೆಗೆ ಬಂದಿದ್ದ. ನಾಗಲಿಂಗ ಅವನನ್ನು ಕಂಡು ಎದ್ದು ನಿಂತ. ಎರಡು ಹಾಳೆ ಮುಂದಿಟ್ಟ.

"ನನಗ ದೊಡ್ಡದು, ಇಕಿಗೆ ಸಣ್ಣದು," ಎಂದ ತಮ್ಮಣ್ಣ.

ಗುರುಪುತ್ರಪ್ಪನಿಗೆ ತನ್ನ ದನಿಯನ್ನೇ ಕೇಳಿದಂತಾಯಿತು. "ಇಬ್ಬರಿಗೂ ದೊಡ್ಡದ ಬರಿ," ಎಂದ.

"ಸುಮ್ನ ಯಾಕ ಖರ್ಚು ಅಪ್ಪಾ? ಆಕೀದೇನ ಗಳಿಕಿ ಐತಿ? ಅವ್ವಗೂ ನೀವು ಸಣ್ಣದ ಮಾಡಿಸಿದ್ರಿ, ಕಾಗದ ನೋಡೇನಿ ನಾನು. ಏನ ಕಡಿಮಿ ಆತು? ಅಕಿ ಬೇಡಿದ ಗಂಗಿ ಅಕಿಗೆ ಸಿಕ್ಕಳು."

ಗಂಗಾದೇವಿ ತಲೆ ತಗ್ಗಿಸಿ ಕೂತಿದ್ದಳು. ಕಾಶವ್ವ ಕೂತ ಬೆಂಚೇ ಅದು. ಗುರುಪುತ್ರಪ್ಪ ಆ ಬೆಂಚನ್ನು ನೋಡಿದ. ಇನ್ನೂ ನಿಜವನ್ನು ನುಂಗಿಕೊಂಡರೆ ಈ ಹುಡುಗಿಯ ಪಾಲಿಗೂ ಅದೇ ಬರುತ್ತದೆ ಎಂದು ಅವನಿಗೆ ಹೊಳೆಯಿತು.

"ನಿಮ್ಮವ್ವ ಗಂಗಿ ಬೇಡಿರಲಿಲ್ಲೋ ತಮ್ಮಣ್ಣಾ," ಎಂದ. "ಇಲ್ಲೇ ಕುಂತು ನಂದಗಡ ಬೇಡಿದ್ಲು. ನನ್ನ ಸುಡಬ್ಯಾಡ್ರಿ ಅಂದಿದ್ಲು. ನಾನು ತಂಬಿಗಿ ಕೊಟ್ಟೆ. ನಾಗಲಿಂಗನ ಕೇಳು, ಸಾಕ್ಷಿ ಅದಾನ."

ನಾಗಲಿಂಗ ಪೆನ್ನು ಕೆಳಗಿಟ್ಟು ಮುಖ ಆಚೆ ತಿರುಗಿಸಿದ. ತಮ್ಮಣ್ಣ ತಂದೆಯ ಕಡೆ ತಿರುಗಿದ. "ವರಸದ ಮ್ಯಾಲ ಆತು, ನಮ್ಮ ಮಾರಿ ನೋಡಕೋತ ಹೆಂಗ ಉಂಡ್ರಿ ಅಪ್ಪಾ?" ಎಂದು ಕೇಳಿದ.

ಗಂಗಾದೇವಿ ತಲೆ ಎತ್ತಿದಳು. "ಲಿಂಗ ಎಲ್ಲೈತ್ರಿ ಮಾವಾರ?"

"ಅಂಗಡ್ಯಾಗ. ಮ್ಯಾಲಿನ ಹಲಗಿ ಮ್ಯಾಲ."

"ಹಂಗಾರ ಅತ್ತಿಯವರು ಇನ್ನೂ ಊರ ಮುಟ್ಟಿಲ್ಲ," ಎಂದಳು.

ನಾಗಲಿಂಗ ಹಾಳೆ ತುಂಬತೊಡಗಿದ. ಉದ್ಯೋಗ ಏನೆಂದು ಬರೆಯಲಿ ಎಂದು ಗಂಗಾದೇವಿಯ ಕಡೆ ನೋಡಿದ. ಗುರುಪುತ್ರಪ್ಪ ಹೇಳಿದ: "ಭಾಂಡೆ ವ್ಯಾಪಾರ ಅಂತ ಬರಿ. ಮೂವತ್ತ ವರ್ಷದ ಅಂಗಡಿ, ಹೆಂಗಸರ ನಡಸ್ಯಾರ."

ಬರುವ ದಾರಿಯಲ್ಲಿ ಅಂಗಡಿಯ ಡಬ್ಬಿಯಿಂದ ಲಿಂಗ ತೆಗೆದುಕೊಂಡರು. ಮರುದಿನ ಮುಂಜಾನೆ ಗುರುಪುತ್ರಪ್ಪ ಈರಯ್ಯನವರ ಮನೆಗೆ ತಾನೇ ಹೋಗಿ ಎಲ್ಲವನ್ನೂ ಹೇಳಿದ. ಅವರು ಬೈದರು. "ಸತ್ತಾಕಿ ಬಾಯಾಗ ಸುಳ್ಳ ಇಟ್ಟಿ" ಎಂದರು. ಅವನು ನಿಂತು ಬೈಸಿಕೊಂಡ. ಬೈದು ಮುಗಿದ ಮೇಲೆ ಅವರೇ ಮೆಟ್ಟು ಮೆಟ್ಟಿಕೊಂಡು ಗದ್ದೆಯ ಕಡೆ ಹೊರಟರು.

ಗೇರುಗಿಡದ ಕೆಳಗೆ ಮೊಳಕಾಲೆತ್ತರ ಕಳೆ. ಗುರುಪುತ್ರಪ್ಪ ಯಾರಿಗೂ ಕೈ ಹಚ್ಚಗೊಡದೆ ತಾನೇ ಕೂತು ಕಿತ್ತ. ತಮ್ಮಣ್ಣ ತಗ್ಗು ತೋಡಿದ. ಅಂಗೈಯಲ್ಲಿ ಅಡಗುವ ಲಿಂಗಕ್ಕೆ ಅಷ್ಟು ದೊಡ್ಡ ತಗ್ಗು ಬೇಕಾಗಿರಲಿಲ್ಲ. ಆದರೂ ಅವನು ಒಂದಾಳು ಕೂರುವಷ್ಟು ತೋಡಿದ, ಈರಯ್ಯನವರು ಸಾಕೆನ್ನಲಿಲ್ಲ. ಗಂಗಾದೇವಿ ಪತ್ರೆ, ವಿಭೂತಿ ಕೊಟ್ಟಳು. ಗುರುಪುತ್ರಪ್ಪ ತಗ್ಗಿನಲ್ಲಿ ಇಳಿದು ಲಿಂಗವಿಟ್ಟು, ಮೊದಲ ಹಿಡಿ ಮಣ್ಣು ಹಾಕಿದ.

ಮಣ್ಣು ಮುಚ್ಚಿಯಾದ ಮೇಲೆ ಉಳಿದವರು ಕೈ ತೊಳೆಯಲು ಕಾಲುವೆಗೆ ಇಳಿದರು. ಅವನು ಅಲ್ಲಿಯೇ ನಿಂತ. ತಾಯಿಯ ಸಮಾಧಿಯ ಕಲ್ಲಿನ ಮೇಲೆ ಕೈಯಿಟ್ಟು, ಬಸ್ಸಿನಲ್ಲಿ ಪಕ್ಕದವರಿಗೆ ಹೇಳುವ ಹಾಗೆ ಮೆಲ್ಲಗೆ ಹೇಳಿದ:

"ಅವ್ವಾ, ಜರಾ ಸರದು ಕುಂದ್ರು. ನಿನ್ನ ಸೊಸಿ ಬಂದಾಳ."