ಕಾಣದ ಮೀನುಗಳ ಲೆಕ್ಕ

ಹುನಗುಂದದ ಹತ್ತಿರದ ಕೆರೆಯೊಂದರ ಏರಿ ಬಿರುಕು ಬಿಟ್ಟಿತ್ತು. ರಿಪೇರಿಗೆಂದು ನೀರು ಖಾಲಿ ಮಾಡುವ ಮೊದಲು ಮೀನುಗಳನ್ನೆಲ್ಲ ಪಕ್ಕದೂರಿನ ಹೊಂಡಕ್ಕೆ ಸಾಗಿಸಬೇಕು. ಆ ಹೊಂಡ ಎರಡು ಸಾವಿರಕ್ಕಿಂತ ಹೆಚ್ಚು ತಾಳದು. ಕೆರೆಯಲ್ಲಿ ಮೀನು ಸಾಕಿದ್ದ ಸೋಮಲಿಂಗನಿಗೋ ಎಷ್ಟು ಉಳಿದಿವೆಯೆಂಬ ಅಂದಾಜೇ ಇಲ್ಲ. ಹೋದ ಮಳೆಗಾಲದಲ್ಲಿ ಕೋಡಿ ಹರಿದು ಬಹಳಷ್ಟು ಕೊಚ್ಚಿಹೋಗಿದ್ದವು.

ಅವನ ಅಕ್ಕನ ಮಗಳು ವಿದ್ಯಾ ಬಾಗಲಕೋಟೆಯಲ್ಲಿ ಸಂಖ್ಯಾಶಾಸ್ತ್ರ ಓದುತ್ತಿದ್ದಳು. ತಾನು ಲೆಕ್ಕ ಹೇಳುತ್ತೇನೆಂದು ಬಸ್ಸು ಹತ್ತಿ ಬಂದೇಬಿಟ್ಟಳು. ಬಂದ ಮೇಲೆ ಒಳಗೊಳಗೇ ಅಳುಕು. ಇಡೀ ಕೆರೆಯ ಮೀನು ಸಮಷ್ಟಿ, ಬಲೆಗೆ ಬಿದ್ದಷ್ಟು ಮಾದರಿ; ಮಾದರಿ ನೋಡಿ ಸಮಷ್ಟಿಯನ್ನು ಹೇಳಬಹುದು ಎಂಬ ಪುಸ್ತಕದ ಸಾಲನ್ನು ಪರೀಕ್ಷೆಯಲ್ಲಿ ಬರೆದಿದ್ದಳೇ ಹೊರತು ಮನಸಾರೆ ನಂಬಿರಲಿಲ್ಲ.

ಕೆರೆಗಿಳಿಯುವ ಪಾವಟಿಗೆಯ ಬಳಿ ನೂರು ಮೀನು ಹಿಡಿಸಿ, ಬಾಲದ ತುದಿಯನ್ನು ಚೂರೇ ಕತ್ತರಿಸಿ ಗುರುತು ಮಾಡಿ ನೀರಿಗೆ ಬಿಟ್ಟಳು. ಮರುದಿನ ಅಲ್ಲೇ ಬಲೆ ಬೀಸಿದಾಗ ಬಿದ್ದವುಗಳಲ್ಲಿ ಅರ್ಧ ಗುರುತಿನವೇ. ಗುರುತಿನ ನೂರು ಇಡೀ ಕೆರೆಯ ಅರ್ಧವಾದರೆ ಒಟ್ಟು ಇನ್ನೂರಾಯಿತು.

“ಇನ್ನೂರ ಅಷ್ಟ? ಸಂಜೀಮುಂದ ಜಿಗಿಯೂವs ಅದಕ್ಕಿಂತ ಹೆಚ್ಚದಾವು” ಎಂದು ಸೋಮಲಿಂಗ ನಕ್ಕ.

ವಿದ್ಯಾಳ ಮುಖ ಸಪ್ಪಗಾಯಿತು. ಅಷ್ಟರಲ್ಲಿ ಮುಸುರೆ ತಿಕ್ಕಲು ಬಂದ ಹೆಂಗಸೊಬ್ಬಳು ಪಾತ್ರೆಯ ಅಗಳು ಚೆಲ್ಲಿದ್ದೇ ತಡ, ಮೀನುಗಳು ಮುತ್ತಿಕೊಂಡವು. ವಿದ್ಯಾಳಿಗೆ ತಪ್ಪು ಹೊಳೆಯಿತು. ಅನ್ನಕ್ಕಾಗಿ ಈ ದಂಡೆಯಲ್ಲೇ ಸುಳಿಯುವ ಮೀನುಗಳನ್ನಷ್ಟೇ ನೋಡಿ ಅವಳು ಇಡೀ ಕೆರೆಯ ಲೆಕ್ಕ ಹೇಳಿದ್ದಳು.

ಈ ಸಲ ಮಾವನೊಂದಿಗೆ ಹರಿಗೋಲು ಹತ್ತಿ ಪಾವಟಿಗೆಯ ಬಳಿ, ನಡುನೀರಿನಲ್ಲಿ, ಜೇಕು ಹುಲ್ಲಿನ ಮರೆಯಲ್ಲಿ, ಆಚೆ ದಂಡೆಯ ಜಾಲಿ ನೆರಳಿನಲ್ಲಿ, ಹೀಗೆ ಎಲ್ಲ ಕಡೆ ಬಲೆ ಬೀಸಿಸಿದಳು. ಹದಿನಾರು ಮೀನಿಗೆ ಒಂದರಂತೆ ಗುರುತಿನದು ಸಿಕ್ಕಿತು. ಹಾಗಾದರೆ ಗುರುತಿನ ನೂರರ ಹದಿನಾರು ಪಟ್ಟು, ಒಟ್ಟು ಸುಮಾರು ಸಾವಿರದ ಆರುನೂರು.

“ಹೊಂಡ ತಡೀತೈತಿ ಮಾಮಾ, ಸಾಗಸ್ರಿ” ಎಂದಳು.

ನೀರು ಇಳಿದಂತೆ ಬುಟ್ಟಿಗಳಲ್ಲಿ ಬೆಳ್ಳಿಯಂತೆ ಹೊಳೆಯುವ ಮೀನುಗಳು ಮೇಲೆ ಬಂದವು. ಸೋಮಲಿಂಗ ಒಂದೊಂದನ್ನೂ ಎಣಿಸಿಯೇ ಡ್ರಮ್ಮಿಗೆ ಬಿಟ್ಟ. ಕೊನೆಯ ಬುಟ್ಟಿ ಬರಿದಾದಾಗ ಲೆಕ್ಕ ಸಾವಿರದ ಆರುನೂರ ಎಪ್ಪತ್ತಕ್ಕೆ ನಿಂತಿತ್ತು.

ಅವನು ಖಾಲಿ ಬುಟ್ಟಿಯನ್ನು ಬೋರಲು ಹಾಕಿದ. “ನೀ ಕಣ್ಣಿಲೆ ನೋಡಲಾರದ ಮೀನೂ ನಿನ್ನ ಲೆಕ್ಕದಾಗ ಬಂದಾವಲ್ಲ, ವಿದ್ಯಾ.”

ವಿದ್ಯಾ ಏರಿಯ ಮೇಲೆ ಕುಳಿತಳು. ಪುಸ್ತಕದ ಆ ಒಂದು ಸಾಲು ಖರೆಯೇ ಆಗಿತ್ತು.