ಸರಿಯಾಗಿದ್ದ ಹೊತ್ತು

ಅಪ್ಪನ ಅಂಗಿಯ ಮೂರನೇ ಗುಂಡಿಗೆ ಬರುವಷ್ಟರಲ್ಲಿ ಮಗಳ ಕೈ ನಿಂತಿತು.

"ಯಾಕೆ, ಏನಾಯ್ತೇ?" ಎಂದಳು ಸೋದರತ್ತೆ.

"ನೀವೇ ಹಾಕಿಬಿಡಿ ಅತ್ತೆ. ನಂಗಾಗಲ್ಲ."

"ಅಯ್ಯೋ ನಿನ್ನ! ಇಷ್ಟು ದಿನ ಎತ್ತಿ ಇಳಿಸಿ, ತೊಳೆದು ಒರೆಸಿ, ಎಲ್ಲಾ ಮಾಡಿದವಳು ನೀನು. ಈಗ ಒಂದು ಗುಂಡಿ ಹಾಕೋಕೆ ಆಗಲ್ವಾ?" ಅತ್ತೆ ಗೊಣಗುತ್ತಲೇ ಅಣ್ಣನ ಎದೆಯ ಮೇಲೆ ಬಾಗಿದಳು. "ಹೊಟ್ಟೆ ಉಬ್ಬರ ಇನ್ನೂ ಇಳಿದಿಲ್ಲ ನೋಡು ಇವನಿಗೆ. ಹೋದಮೇಲೂ ಹಟ."

ಮಗಳು ಗೋಡೆಗೆ ಒರಗಿದಳು. ಕೈ ನಿಂತದ್ದು ದುಃಖಕ್ಕಲ್ಲ. ಆಸ್ಪತ್ರೆಯಲ್ಲಿ ಅಪ್ಪ ಆಡಿದ ಮಾತು ಕಿವಿಯಲ್ಲೇ ಕೂತಿತ್ತು. ಅದು ಅಪ್ಪನ ಮಾತೋ, ಅಪ್ಪನ ಕಾಯಿಲೆಯ ಮಾತೋ? ಅಷ್ಟೂ ತಿಳಿಯದೆ ಅಪ್ಪನನ್ನು ಕಳಿಸಿಕೊಡುವುದು ಹೇಗೆಂದು ಅವಳಿಗೆ ಗೊತ್ತಾಗಲಿಲ್ಲ.

ಹೊರಗೆ ಕುರ್ಚಿಗಳ ನಡುವೆ ನಿಂತ ತಮ್ಮ ಬಂದವರಿಗೆಲ್ಲ ಒಂದೇ ಕತೆ ಹೇಳುತ್ತಿದ್ದ. "ಕೈ ಹಿಡ್ಕೊಂಡ್ರು ಸಾರ್. 'ಬಂದ್ಯಾ? ನನ್ನ ಸಿಟ್ಟೆಲ್ಲ ಹೋಯ್ತು ಕಣಪ್ಪ' ಅಂದ್ರು. ಅಷ್ಟು ಸಾಕು ನಂಗೆ."

ಅಪ್ಪ ದೊಡ್ಡದೊಂದು ಆಫೀಸು ಕಟ್ಟಡದಲ್ಲಿ ಲಿಫ್ಟ್ ನಡೆಸುತ್ತಿದ್ದವನು, ಬೀದಿಗೆಲ್ಲ ಲಿಫ್ಟಜ್ಜ. ಯಾರ್‍ಯಾರದೋ ಕೈಕಾಲು ಹಿಡಿದು ಮಗನನ್ನೂ ಅಲ್ಲೇ ಕೆಲಸಕ್ಕೆ ಸೇರಿಸಿದ್ದ. ಆ ಮಹಾರಾಯ ವಾರ ತುಂಬುವ ಮೊದಲೇ ಮ್ಯಾನೇಜರನ ಕೊರಳಪಟ್ಟಿ ಹಿಡಿದು, ಕೆಲಸ ಬಿಟ್ಟು ಊರನ್ನೂ ಬಿಟ್ಟ. ಅಂದಿನಿಂದ ಅಪ್ಪ ಮಗನಿಗೆ ಮಾತಿರಲಿಲ್ಲ.

*

ಎಲ್ಲ ಶುರುವಾಗಿದ್ದು ಹೊಟ್ಟೆಯಿಂದ. ಮೊದಲು ದಿನಗಟ್ಟಲೆ ಕಟ್ಟಿಕೊಂಡಿತು. ಅಪ್ಪ ಯಾರಿಗೂ ಹೇಳದೆ ಅಂಗಡಿಯಿಂದ ಭೇದಿ ಮಾತ್ರೆ ತಂದು ನುಂಗಿದ. ಕೆಲಸ ಮಾಡಲಿಲ್ಲವೆಂದು ಇನ್ನಷ್ಟು ನುಂಗಿದ. ಆಮೇಲೆ ಹಿಡಿದ ಭೇದಿ ನಿಲ್ಲಲೇ ಇಲ್ಲ. ಹಿತ್ತಲಿನ ತಂತಿಯ ಮೇಲೆ ಅಪ್ಪನ ಪೈಜಾಮಗಳೆಲ್ಲ ಸಾಲಾಗಿ ನೇತಾಡುತ್ತಿದ್ದುದನ್ನು ಕಂಡಾಗಲೇ ಮಗಳಿಗೆ ಅನುಮಾನ ಬಂದದ್ದು.

"ಏನಪ್ಪ ಇದು?"

"ಧೂಳು ಹಿಡಿದಿತ್ತು. ಒಗೆದು ಹಾಕಿದೆ."

ಸ್ವಂತ ಮಗಳ ಮುಂದೆ ನಾಚಿಕೆಪಟ್ಟು ಸುಳ್ಳು ಹೇಳುವ ಮುದುಕನಿಗೆ ಏನನ್ನುವುದು? ಅವಳು ಹಟ ಹಿಡಿದು ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಅಪ್ಪನ ಬುದ್ಧಿ ಎಲ್ಲೋ ಹೊರಟುಹೋಗಿತ್ತು. ಹಾಸಿಗೆಯ ಹತ್ತಿರ ಬಂದವರನ್ನೆಲ್ಲ "ಎಷ್ಟನೇ ಮಹಡಿ?" ಎಂದು ಕೇಳುತ್ತಿದ್ದ. ಡಾಕ್ಟರನ್ನೂ ಬಿಡಲಿಲ್ಲ. ವಾರ್ಡಿನವರು ನಕ್ಕರು, ಅವಳೂ ನಕ್ಕಳು.

ಆದರೆ ಹೊಲಸಾದ ಬಟ್ಟೆ ಬದಲಿಸಲು ಅವಳು ಕೈ ಹಾಕಿದ್ದೇ ತಡ, ಅಪ್ಪ ಅವಳ ಮುಖವನ್ನೇ ದಿಟ್ಟಿಸಿ ಕಿರುಚಿದ: "ಇವಳು ನನ್ನ ಮಗಳೇ ಅಲ್ಲ! ನಾಚಿಕೆಗೆಟ್ಟವಳು, ಬಟ್ಟೆ ಬಿಚ್ತಾಳೆ! ಆಚೆ ಹಾಕ್ರಿ ಇವಳನ್ನ!"

ಆಗ ಯಾರೂ ನಗಲಿಲ್ಲ.

ಮಾರನೆಯ ದಿನ ಸುದ್ದಿ ತಿಳಿದು ತಮ್ಮ ಓಡಿಬಂದ. ಅಪ್ಪ ಅವನ ಕೈ ಹಿಡಿದದ್ದು, ಸಿಟ್ಟು ಹೋಯಿತೆಂದದ್ದು ಎಲ್ಲ ನಿಜ. ಅವನು ಕಣ್ಣೊರೆಸಿಕೊಂಡು ಔಷಧಿ ತರಲು ಹೋದಮೇಲೆ ಅಪ್ಪ ಬಾಗಿಲ ಕಡೆ ನೋಡುತ್ತ, "ಪಾಪ, ಯಾರೋ ಒಳ್ಳೆಯವರು. ಎಷ್ಟನೇ ಮಹಡಿಗೆ ಹೋದ್ರು?" ಎಂದು ಕೇಳಿದ. ಅದನ್ನು ಕೇಳಿಸಿಕೊಂಡವಳು ಅವಳೊಬ್ಬಳೇ. ಅಂದು ಸಂಜೆ ಅಪ್ಪನ ಎದೆಬಡಿತ ತಾಳ ತಪ್ಪಿತು. ಮತ್ತೆ ದಾರಿಗೆ ಬರಲಿಲ್ಲ.

*

ಅಪ್ಪನನ್ನು ಒಯ್ಯುವ ವ್ಯಾನು ಬರುವುದು ತಡವಾಗಿತ್ತು. ಪಕ್ಕದ ಬೀದಿಯಲ್ಲಿದ್ದ ಅದೇ ವಾರ್ಡಿನ ನರ್ಸು ಮಾತಾಡಿಸಲು ಬಂದಾಗ ಮಗಳು ಅವಳನ್ನು ಅಡುಗೆಮನೆಗೆ ಕರೆದೊಯ್ದು ಟೀ ಕೊಟ್ಟಳು.

"ಸಿಸ್ಟರ್, ಅಪ್ಪ ಆವತ್ತು ನಂಗೆ ಅಂದ್ರಲ್ಲ... ಅದು ಬೇಕಂತಲೇ ಅಂದಿದ್ದಾ?"

"ಛೆ ಛೆ, ಅದನ್ನ ಮನಸ್ಸಿಗೆ ಹಚ್ಕೊಂಡಿದೀರಾ? ಭೇದಿ ಜೊತೆಗೆ ಮೈಯಲ್ಲಿದ್ದ ಸೋಡಿಯಂ, ಪೊಟ್ಯಾಶಿಯಂ ಎಲ್ಲಾ ಕೊಚ್ಕೊಂಡು ಹೋಗಿತ್ತು. ವಯಸ್ಸಾದವರಿಗೆ ಆ ಲವಣಗಳು ಅಷ್ಟು ಇಳಿದ್ರೆ ಬುದ್ಧಿ ಕಲಸಿಹೋಗತ್ತೆ. ಅಲ್ಲಿ ಆಡಿದ್ದು ಯಾವುದೂ ಅವರ ಮಾತಲ್ಲ ಬಿಡಿ."

ಅವಳಿಗೆ ಹೋದ ಜೀವ ಬಂದಂತಾಯಿತು. ಆದರೆ ಅದು ಒಂದೇ ಗಳಿಗೆ.

"ಯಾವುದೂ ಅಂದ್ರೆ? ನನ್ನ ತಮ್ಮಂಗೆ ಹೇಳಿದ್ದೂ?"

ನರ್ಸು ಲೋಟ ಕೆಳಗಿಟ್ಟಳು. "ಮಧ್ಯೆ ಮಧ್ಯೆ ತಿಳಿಯಾಗೋದೂ ಉಂಟು. ಯಾವಾಗ ತಿಳಿಯಾಗಿತ್ತು, ಯಾವಾಗ ಇರಲಿಲ್ಲ ಅಂತ ಯಾರು ಹೇಳೋಕಾಗತ್ತೆ?"

ಬೈಗುಳ ಕಾಯಿಲೆಯದಾದರೆ ಆ ಅಕ್ಕರೆಯೂ ಕಾಯಿಲೆಯದೇ. ಅಕ್ಕರೆ ಅಪ್ಪನದಾದರೆ ಬೈಗುಳವೂ ಅಪ್ಪನದೇ ಆಗಬಾರದೇಕೆ? ಕದ್ದು ಪೈಜಾಮ ಒಗೆದ ಮನುಷ್ಯ ಅವನು. ಬುದ್ಧಿ ನೆಟ್ಟಗಿದ್ದರೂ ಹಾಗೇ ಕೂಗಿಕೊಳ್ಳುತ್ತಿದ್ದನೇನೋ. ಎತ್ತ ತಿರುಗಿದರೂ ಅವಳಿಗೆ ಬುಡ ಸಿಗಲಿಲ್ಲ.

ಅಷ್ಟರಲ್ಲಿ ತಮ್ಮ ಬಾಗಿಲಿಗೆ ಬಂದ. ಬೆನ್ನಿಗೇ ಅತ್ತೆ.

"ಅಕ್ಕ, ಅತ್ತೆ ಏನೋ ಅಂತಾರೆ. ಅಪ್ಪಂಗೆ ಯಾರ ಗುರುತೂ ಸಿಗ್ತಿರಲಿಲ್ವಂತೆ. ನಿನ್ನನ್ನೇ ಮಗಳಲ್ಲ ಅಂದ್ರಂತೆ." ತಲೆ ನರೆತ ಗಂಡಸು, ಬಾಗಿಲಿನ ಚೌಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಿದ್ದ. "ನೀನು ಅಲ್ಲೇ ಇದ್ದೆಯಲ್ಲ. ನಾನು ಯಾರು ಅಂತ ಅಪ್ಪಂಗೆ ಗೊತ್ತಿತ್ತಾ?"

ಅವಳು ಒಲೆಯ ಕಡೆ ತಿರುಗಿ ಟೀ ಪಾತ್ರೆ ಎತ್ತಿಕೊಂಡಳು.

"ಗೊತ್ತಿತ್ತು ಕಣೋ. ಬುದ್ಧಿ ಸರಿಯಾಗೇ ಇತ್ತು."

"ಹಾಗಾದ್ರೆ ನಿಂಗಂದಿದ್ದು?" ಅತ್ತೆ ಬಿಡುವ ಪೈಕಿಯಲ್ಲ.

"ಅದೂ ಸರಿಯಾಗಿದ್ದಾಗಲೇ ಅಂದಿದ್ದು ಅತ್ತೆ. ಅಪ್ಪಂಗೆ ನಾಚಿಕೆ ಜಾಸ್ತಿ. ನಾನು ಬಟ್ಟೆ ಬಿಚ್ಚಬಾರದಿತ್ತು."

ನರ್ಸು ಏನೋ ಹೇಳಲು ಬಾಯಿ ತೆರೆದಳು. ಮಗಳು ಅವಳ ಲೋಟಕ್ಕೆ ಮತ್ತಷ್ಟು ಟೀ ಬಗ್ಗಿಸಿದಳು. ತಮ್ಮ ಚೌಕಟ್ಟಿಗೆ ಹಣೆ ಒತ್ತಿ, ಬಂದಾಗಿನಿಂದ ಮೊದಲ ಸಲ ಗಟ್ಟಿಯಾಗಿ ಅತ್ತ.

*

ವ್ಯಾನಿನಲ್ಲಿ ತಮ್ಮ ಅಪ್ಪನ ತಲೆಯ ಬಳಿ ಕೂತು, ಶವದ ಪೆಟ್ಟಿಗೆಯ ಮೇಲೆ ಕೈಯಿಟ್ಟು, ಏನೇನೋ ಪಿಸುಗುಡುತ್ತಿದ್ದ. ಅವಳು ಕಾಲಿನ ಬಳಿ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಮೊದಲ ತಿರುವಿನಲ್ಲೇ ಪೆಟ್ಟಿಗೆ ಸರ್ರನೆ ಜಾರಿ ಅವಳ ಮೊಣಕಾಲಿಗೆ ಬಡಿಯಿತು. ಮುಟ್ಟಲೋ ಬೇಡವೋ ಎಂದು ಅವಳು ತಡೆದಳು. ಎರಡನೇ ತಿರುವು ಬರುವ ಮೊದಲೇ ಸೀಟಿನಿಂದ ಕೆಳಗಿಳಿದು, ವ್ಯಾನಿನ ನೆಲದ ಮೇಲೆ ಕೂತು, ಪೆಟ್ಟಿಗೆಯನ್ನು ಎರಡೂ ತೋಳುಗಳಿಂದ ಬಳಸಿ ಹಿಡಿದಳು. ಮುಂದಿನ ದಾರಿಯುದ್ದಕ್ಕೂ ಅಪ್ಪ ಅಲುಗಾಡಲಿಲ್ಲ.